ಮೈದಾನ ಬೇಡ ಅನ್ನುವವರಿಗೆ ಏನು ಉತ್ತರ ಕೊಡಬೇಕು?

ಮಹಾರಾಷ್ಟ್ರದ ಜತ್ತ ತಾಲೂಕಿನ ಕುಣಿಕೋಣೂರದಂಥ ಊರಲ್ಲಿ ಹುಡುಗರು ಫುಟ್‌ಬಾಲ್ ಮೈದಾನ ಬೇಕೆಂದು ಎದ್ದು ನಿಂತರೆ ಹಿರಿಯರು ಮೊದಲು ಕೇಳುವುದು ಒಂದೇ ಮಾತು: ನೀರು ಎಲ್ಲಿಂದ ತರ್ತೀರಿ? ಈ ಪ್ರಶ್ನೆಗೆ ಸಿಟ್ಟಾಗಬಾರದು. ಮ್ಹೈಸಾಳ ಏತ ನೀರಾವರಿಯ ನೀರಿಗೆ ದಶಕಗಟ್ಟಲೆ ಕಾದ ತಾಲೂಕು ಇದು. 2022ರ ಕೊನೆಯಲ್ಲಿ ಇಲ್ಲಿಯ ಹಲವು ಹಳ್ಳಿಗಳು, ನೀರು ಕೊಡದಿದ್ದರೆ ಕರ್ನಾಟಕಕ್ಕೇ ಹೋಗುತ್ತೇವೆ ಎಂದು ಮತ್ತೆ ದನಿ ಎತ್ತಿದ್ದವು. ಅಂಥ ನೆಲದಲ್ಲಿ ಹುಲ್ಲಿಗೆ ನೀರು ಬಿಡುತ್ತೇವೆ ಅನ್ನುವವರು ಲೆಕ್ಕ ಕೊಡಲೇಬೇಕು.

ಲೆಕ್ಕ ಕಷ್ಟದ್ದಲ್ಲ. ಅಂತರರಾಷ್ಟ್ರೀಯ ಪಂದ್ಯಗಳ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ 7,140 ಚದರ ಮೀಟರ್, ನಮ್ಮ ಭಾಷೆಯಲ್ಲಿ ಸುಮಾರು 70 ಗುಂಟೆ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್‌ನಷ್ಟು ನೀರು ಹಾಯಿಸಿದರೆ 35,700 ಲೀಟರ್ ಆಯಿತು. ಹತ್ತು ಸಾವಿರ ಲೀಟರಿನ ಟ್ಯಾಂಕರು ದಿನಾ ಮೂರೂವರೆ ಸಲ ಬರಬೇಕು. ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ಓಣಿಯ ಮುಂದೆ ಹಾದು ಆ ಟ್ಯಾಂಕರು ಮೈದಾನಕ್ಕೆ ಹೋಗುವುದು ನ್ಯಾಯವಲ್ಲ, ಯಾರೂ ಅದನ್ನು ಒಪ್ಪಲಾರರು. ಆದರೆ ಆಟದ ನಿಯಮದಲ್ಲಿ ಕನಿಷ್ಠ ಅಳತೆ 90 ಮೀಟರಿಗೆ 45 ಮೀಟರ್, ಅಂದರೆ ಸರಿಸುಮಾರು ಒಂದೇ ಎಕರೆ. ಹುಲ್ಲು ಬೇಡ, ಗರಸು ಹಾಕಿ ರೋಲರ್ ಹೊಡೆದ ನೆಲ ಸಾಕು ಅಂದರೆ ನೀರಿನ ಪ್ರಶ್ನೆ ಧೂಳು ಕೂರಿಸುವಷ್ಟಕ್ಕೆ ಇಳಿಯುತ್ತದೆ. "ಹುಲ್ಲು ಹಚ್ಚೂದಿಲ್ಲ ಕಾಕಾ, ಲೆಕ್ಕ ಇಲ್ಲಿ ಬರದೀವಿ ನೋಡ್ರಿ" ಎಂದು ಕಾಗದ ಮುಂದಿಟ್ಟ ಹುಡುಗನಿಗೆ ಸಿಗುವ ಕಿವಿ, ಘೋಷಣೆ ಕೂಗಿದವನಿಗೆ ಸಿಗುವುದಿಲ್ಲ.

ಸ್ಟೇಡಿಯಂ ಮಾತು ಎದ್ದಲ್ಲೆಲ್ಲ ಹೀಗೇ ಆಗುತ್ತದೆ. ಅಭಿಮಾನಿಗೆ ಕಾಣುವುದು ತನ್ನ ತಂಡ. ಪಕ್ಕದ ಮನೆಯವರಿಗೆ ಕಾಣುವುದು ಗಾಡಿಗಳ ಸಾಲು, ರಾತ್ರಿಯ ದೀಪ, ಗದ್ದಲ, ಗೋಡೆಯ ಬದಿಗೆ ಮೂತ್ರ. ವಿರೋಧಿಸುವವರೆಲ್ಲ ಆಟದ ವೈರಿಗಳೆಂದು ಹೊರಟ ಅಭಿಮಾನಿ ಅಲ್ಲಿಗೇ ಅರ್ಧ ಸೋತ ಹಾಗೆ.

ವಿರೋಧಿಸುವವರಿಗೆ ಉತ್ತರ ಕೊಡುವ ಕೆಲಸವನ್ನು ತಾಳ್ಮೆಯಿಂದ ಮಾಡಿ ತೋರಿಸಿದವರು ಇಂಗ್ಲೆಂಡಿನ ಬ್ರೈಟನ್ ಅಭಿಮಾನಿಗಳು. ಅವರ ಕ್ಲಬ್ಬಿನ ಹಳೆಯ ಗೋಲ್ಡ್‌ಸ್ಟೋನ್ ಮೈದಾನ ಮಾರಾಟವಾಯಿತು, 1997ರ ಏಪ್ರಿಲ್‌ನಲ್ಲಿ ಅಲ್ಲಿ ಕೊನೆಯ ಪಂದ್ಯ ನಡೆಯಿತು. ಮುಂದಿನ ಎರಡು ವರ್ಷ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಜಿಲ್ಲಿಂಗ್ಹ್ಯಾಮ್‌ನಲ್ಲಿ "ತವರಿನ" ಪಂದ್ಯ ನೋಡಬೇಕಾಯಿತು. ಆಮೇಲೆ ಊರಿಗೆ ಮರಳಿ ವಿತ್‌ಡೀನ್ ಎಂಬ ಅಥ್ಲೆಟಿಕ್ಸ್ ಮೈದಾನದಲ್ಲಿ 2011ರವರೆಗೆ ಬಿಡಾರ. ಊರಾಚೆಯ ಫಾಲ್ಮರ್ ಹಳ್ಳಿಯ ಬಳಿ ಹೊಸ ಸ್ಟೇಡಿಯಂ ಕಟ್ಟುವ ಯೋಜನೆಗೆ 1999ರ ಮೇ ತಿಂಗಳ ಜನಮತದಲ್ಲಿ ಮೂರರಲ್ಲಿ ಎರಡು ಪಾಲು ಮತ ಬಿತ್ತು. ಆದರೂ ಫಾಲ್ಮರ್‌ನ ಗ್ರಾಮ ಮಂಡಳಿ, ನೆರೆಯ ಲೂಯಿಸ್ ಜಿಲ್ಲಾ ಮಂಡಳಿ ಎರಡೂ ವಿರೋಧಿಸಿದವು. ಸೌತ್ ಡೌನ್ಸ್ ಗುಡ್ಡಗಳ ಚೆಲುವು ಕೆಡುತ್ತದೆ, ಸಣ್ಣ ಹಳ್ಳಿ ಗಾಡಿಗಳಲ್ಲಿ ಮುಳುಗುತ್ತದೆ ಎಂಬುದು ಅವರ ಆಕ್ಷೇಪ. ಅದರಲ್ಲಿ ಹುರುಳಿತ್ತು.

ಅಭಿಮಾನಿಗಳು ಮಂತ್ರಿಗಳಿಗೆ ಪೋಸ್ಟ್‌ಕಾರ್ಡ್ ಬರೆದರು, ಹೂವು ಕಳಿಸಿದರು. ಹಾಡೊಂದನ್ನು ಧ್ವನಿಮುದ್ರಿಸಿ 2005ರ ಜನವರಿಯಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 17ನೇ ಸ್ಥಾನಕ್ಕೆ ಏರಿಸಿದರು. ಪತ್ರಿಕೆಗಳು ನೆನಪಿಟ್ಟದ್ದು ಇದನ್ನೇ. ನನಗೆ ಮುಖ್ಯವೆನಿಸುವುದು ವಿತ್‌ಡೀನ್‌ನಲ್ಲಿ ಅವರು ನಡೆದುಕೊಂಡ ರೀತಿ. ಸುತ್ತಲ ಓಣಿಗಳಲ್ಲಿ ಪಂದ್ಯದ ದಿನ ಗಾಡಿ ನಿಲ್ಲಿಸುವಂತಿರಲಿಲ್ಲ, ಟಿಕೆಟ್ಟಿನಲ್ಲೇ ಬಸ್ಸು-ರೈಲಿನ ಪ್ರಯಾಣ ಸೇರಿತ್ತು. ಋತುವಿನಿಂದ ಋತುವಿಗೆ ಆ ಶಿಸ್ತು ನಡೆದು ಬಂತು. ಗಾಡಿಗಳ ಭಯಕ್ಕೆ ಅದಕ್ಕಿಂತ ಗಟ್ಟಿ ಉತ್ತರವಿಲ್ಲ. ಹೊಸ ಸ್ಟೇಡಿಯಂ ಪಕ್ಕದಲ್ಲೇ ರೈಲು ನಿಲ್ದಾಣವಿದೆ, ಟಿಕೆಟ್ಟಿನ ಪ್ರಯಾಣದ ಪದ್ಧತಿ ಅಲ್ಲಿಗೂ ಹೋಯಿತು. ಗುಡ್ಡದ ಚೆಲುವಿನ ಆಕ್ಷೇಪಕ್ಕೆ ಮೈದಾನವನ್ನೇ ನೆಲದೊಳಗೆ ತಗ್ಗಿಸಿ, ಚಾವಣಿಗೆ ಗುಡ್ಡದ ಸಾಲಿನಂಥ ಬಾಗು ಕೊಟ್ಟರು.

ಅಷ್ಟಾದರೂ ದಾರಿ ಸುಗಮವಾಗಲಿಲ್ಲ. 2005ರ ಅಕ್ಟೋಬರಿನಲ್ಲಿ ಉಪಪ್ರಧಾನಿ ಜಾನ್ ಪ್ರೆಸ್ಕಾಟ್ ಕೊಟ್ಟ ಮಂಜೂರಾತಿಯಲ್ಲಿ ಗಡಿಗೆ ಸಂಬಂಧಿಸಿದ ಒಂದು ತಪ್ಪು ನುಸುಳಿತ್ತು. ಲೂಯಿಸ್ ಮಂಡಳಿ ಕೋರ್ಟಿಗೆ ಹೋಯಿತು, 2006ರಲ್ಲಿ ಮಂಜೂರಾತಿ ಬಿದ್ದುಹೋಯಿತು. 2007ರ ಜುಲೈಯಲ್ಲಿ ಹೊಸದಾಗಿ ಒಪ್ಪಿಗೆ ಬಂದು, 2011ರಲ್ಲಿ ಆಟ ಶುರುವಾಯಿತು. ಗಡಿಯಲ್ಲೇ ಬದುಕುವ ನಮಗೆ ಇದರ ಅರ್ಥ ಬೇರೆಯವರು ಹೇಳಬೇಕಿಲ್ಲ. ಸರ್ವೆ ನಂಬರು, ಹದ್ದು, ನಕ್ಷೆ ಮೊದಲು ಸರಿಯಿರಬೇಕು. ತಲಾಠಿಯಿಂದ ಸಾತಬಾರಾ ಉತಾರ ತೆಗೆಸಿ, ಮೋಜಣಿ ಮಾಡಿಸಿ, ಆಮೇಲೆ ಮಾತೆತ್ತಬೇಕು.

ಕರ್ನಾಟಕದ ಉದಾಹರಣೆ ಬೇರೆ ಬಗೆಯದು. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಆಡತೊಡಗಿತು. ಅಲ್ಲಿಯ ಪಶ್ಚಿಮದ ಗ್ಯಾಲರಿಯಲ್ಲಿ ಕೂತು ಹಾಡುತ್ತಿದ್ದ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗ, ಕ್ಲಬ್ಬು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬಂದಾಗ ಜೊತೆಗೇ ಬಂತು. ಆದರೆ ಕಂಠೀರವದಲ್ಲಿ ಹುಲ್ಲಿನ ಸುತ್ತ ಓಟದ ಸಿಂಥೆಟಿಕ್ ಟ್ರ್ಯಾಕ್ ಇದೆ. ಅಲ್ಲಿ ದಿನಾ ಬೆಳಿಗ್ಗೆ ಓಡುವ, ಜಾವೆಲಿನ್-ಡಿಸ್ಕಸ್ ಎಸೆಯುವ ಮಕ್ಕಳಿದ್ದರು. ಅಭ್ಯಾಸದ ಹೊತ್ತು ಕಡಿತವಾಗುತ್ತಿದೆ, ಟ್ರ್ಯಾಕ್ ಹಾಳಾಗುತ್ತಿದೆ ಎಂದು ಅಥ್ಲೀಟುಗಳು, ತರಬೇತುದಾರರು ದೂರಿದರು. ವಿಷಯ ಹೈಕೋರ್ಟಿನವರೆಗೂ ಹೋಯಿತು.

ಇಲ್ಲಿ ಎದುರಿಗಿದ್ದವರು ನೆರೆಮನೆಯವರಲ್ಲ, ಇನ್ನೊಂದು ಆಟದವರು. ನಾನು ಫುಟ್‌ಬಾಲಿನವನು, ಆದರೂ ಆ ದೂರು ನ್ಯಾಯದ್ದೆಂದೇ ನಂಬಿದ್ದೇನೆ. ವರ್ಷದಲ್ಲಿ ಕೆಲವೇ ಸಂಜೆ ಬರುವ ನಾವು, ವರ್ಷವಿಡೀ ಬೆವರು ಸುರಿಸುವವರಿಂದ ಜಾಗ ಕೇಳುತ್ತಿದ್ದೇವೆಂಬ ಅರಿವು ಅಭಿಮಾನಿಗೆ ಮೊದಲು ಇರಬೇಕು. ನಮ್ಮ ಭಾಗದಲ್ಲಿ ಈ ಮಾತು ಇನ್ನೂ ಹತ್ತಿರದ್ದು, ಏಕೆಂದರೆ ಇಲ್ಲಿ ಹಳ್ಳಿಯ ಆಟಗಳೆಂದರೆ ಕುಸ್ತಿ, ಕಬಡ್ಡಿ, ಖೋಖೋ. ಫುಟ್‌ಬಾಲಿಗೆ ಮಾತ್ರ ಎಂದು ಬೋರ್ಡು ಹಾಕಿದ ಮೈದಾನಕ್ಕೆ ಪೈಲ್ವಾನರೇ ಅಡ್ಡ ನಿಲ್ಲುತ್ತಾರೆ. ಅದರ ಬದಲು ಬೆಳಗಿನ ಹೊತ್ತು ಓಟದವರಿಗೆ, ಸಂಜೆ ಇಷ್ಟರಿಂದ ಇಷ್ಟರವರೆಗೆ ಕಬಡ್ಡಿಗೆ, ವಾರದಲ್ಲಿ ಇಂಥ ದಿನ ಹೆಣ್ಣುಮಕ್ಕಳ ಖೋಖೋಗೆ ಎಂದು ವೇಳಾಪಟ್ಟಿ ಬರೆದು ಕೊಟ್ಟರೆ, ಅವರೂ ನಿಮ್ಮ ಬದಿಗೆ ನಿಲ್ಲುತ್ತಾರೆ.

ಇನ್ನು ಜಾಗದ ವಿಷಯ. ಹಳ್ಳಿಯಲ್ಲಿ ಖಾಲಿ ಕಾಣುವ ನೆಲ ಬಹುಪಾಲು ಗಾಯರಾನ, ಅಂದರೆ ಗೋಮಾಳ. "ತಮ್ಮಾ, ದನಾ ಎಲ್ಲಿ ಮೇಯಬೇಕು?" ಎಂದು ಕುರಿ-ದನ ಕಾಯುವ ಅಜ್ಜ ಕೇಳಿದರೆ ಕಾನೂನೂ ಅವನ ಬದಿಗಿದೆ. 2011ರ ಜನವರಿ 28ರಂದು ಜಗಪಾಲ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಊರ ಸಾರ್ವಜನಿಕ ಜಮೀನಿನ ಒತ್ತುವರಿ ತೆರವು ಮಾಡಿಸಿ ಗ್ರಾಮಕ್ಕೆ ಮರಳಿಸಬೇಕೆಂದು ರಾಜ್ಯಗಳಿಗೆ ಹೇಳಿತು. ಶಾಲೆ, ದವಾಖಾನೆಯಂಥ ಸಾರ್ವಜನಿಕ ಬಳಕೆಗೆ ವಿನಾಯಿತಿಯ ಕಿಂಡಿ ಇದೆ, ಆದರೆ ಅದನ್ನೇ ನೆಚ್ಚಿ ಗೋಲ್ ಕಂಬ ನೆಟ್ಟುಬಿಡುವುದು ಅಪಾಯ. ಹಾಗೆ ನೆಟ್ಟ ಕಂಬವೂ ಒತ್ತುವರಿಯೇ. ಶಾಲೆಯ ಹೆಸರಿನಲ್ಲಿರುವ ಮೈದಾನವನ್ನು ಊರವರೂ ಶಾಲೆಯವರೂ ಕೂಡಿ ಬಳಸುವುದು ಎಲ್ಲಕ್ಕಿಂತ ಸುಲಭದ ದಾರಿ. ಇನ್ನೊಂದು ದಾರಿ ಕೇರಳದ್ದು: ಕಾಸರಗೋಡಿನಿಂದ ಮಲಪ್ಪುರಂವರೆಗೆ ಹಬ್ಬಿದ ಸೆವೆನ್ಸ್, ಅಂದರೆ ತಂಡಕ್ಕೆ ಏಳು ಜನರ ಫುಟ್‌ಬಾಲಿನಲ್ಲಿ, ಕೊಯ್ಲಾದ ಗದ್ದೆಯಲ್ಲೇ ಪಂದ್ಯ ಆಡುತ್ತಾರೆ, ತಾತ್ಕಾಲಿಕ ಗ್ಯಾಲರಿ ಕಟ್ಟಿ ಆಮೇಲೆ ಬಿಚ್ಚುತ್ತಾರೆ. ಆದರೆ 2022ರ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಅಂಥ ಗ್ಯಾಲರಿ ಕುಸಿದು ಹಲವರು ಗಾಯಗೊಂಡರು. ಕಟ್ಟುವವರು ಯಾರು, ಎಷ್ಟು ಜನರ ಭಾರಕ್ಕೆ ಕಟ್ಟಿದ್ದಾರೆ ಎಂಬುದು ಕಾಗದದಲ್ಲಿರಲಿ.

ಎಲ್ಲವೂ ಕೊನೆಗೆ ಬರುವುದು ಗ್ರಾಮಸಭೆಗೆ. ಮಹಾರಾಷ್ಟ್ರದಲ್ಲಿ ಅದರ ಕೋರಂ, ಮತದಾರರಲ್ಲಿ ಶೇ. 15 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು. ಗೆಳೆಯರನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋಗಿ ಠರಾವು ಪಾಸು ಮಾಡಿಸಬಹುದು, ಆದರೆ ಮಾರನೇ ದಿನವೇ ಅರ್ಜಿಗಳು ತಹಶೀಲ್ದಾರರ ಮೇಜಿಗೆ ಹೋಗುತ್ತವೆ. ಗ್ರಾಮಸಭೆಗಿಂತ ಮುಂಚೆ ಮಹಿಳೆಯರ ಸಭೆ ನಡೆಯಬೇಕೆಂಬ ನಿಯಮವಿದೆ. ಹುಡುಗರು ಮರೆಯುವುದು ಇದನ್ನೇ. ರಾತ್ರಿ ದೀಪದ ಕೆಳಗೆ ಗುಂಪು ಸೇರಿದರೆ ಆ ದಾರಿಯಲ್ಲಿ ಓಡಾಡುವುದು ಹೇಗೆ ಎಂಬ ಮಾತು ಬರುವುದು ಅಲ್ಲೇ. ನಿಮ್ಮ ತಾಯಿ, ಅಕ್ಕ, ಚಿಕ್ಕಮ್ಮ ಅಲ್ಲಿರುತ್ತಾರೆ. ಅವರ ಮುಂದೆ ಮೊದಲೇ ಮಾತಾಡಿ ದೀಪ ಎಷ್ಟು ಹೊತ್ತಿಗೆ ಆರಬೇಕು, ದಾರಿ ಎಲ್ಲಿಂದ ಬಿಡಬೇಕು ಕೇಳಿಕೊಳ್ಳಿ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ನಿರ್ಬಂಧವಿದೆ, ನೀವು 8ಕ್ಕೇ ನಿಲ್ಲಿಸುತ್ತೇವೆ ಎಂದು ಬರೆದುಕೊಡಿ.

ಗದ್ದಲದ ಭಯಕ್ಕೆ ನಮ್ಮವರ ಬಳಿ ಉದಾಹರಣೆ ಸಿದ್ಧವಿದೆ. ಕೊಲ್ಹಾಪುರದ ಶಾಹೂ ಸ್ಟೇಡಿಯಂನಲ್ಲಿ ಪಾಟಾಕಡೀಲ್, ಖಂಡೋಬಾ, ದಿಲ್‌ಬಹಾರ್ ತಾಲೀಮುಗಳ ಫುಟ್‌ಬಾಲ್ ಪಂದ್ಯವೆಂದರೆ ಪೇಠೆಗೆ ಪೇಠೆಯೇ ಬಂದು ಕೂರುತ್ತದೆ. ಅಷ್ಟು ಚಂದದ ಆಟದ ಸಂಸ್ಕೃತಿ ಮಹಾರಾಷ್ಟ್ರದಲ್ಲಿ ಇನ್ನೆಲ್ಲಿದೆ ಎಂದು ನಾನು ಹೆಮ್ಮೆಪಡುತ್ತೇನೆ. ಆದರೆ ಅಲ್ಲೇ ಬೆಂಬಲಿಗರ ಬಡಿದಾಟವಾಗಿ ಹಲವು ಸಲ ಪೊಲೀಸರು ಲಾಠಿ ಎತ್ತಿದ್ದಾರೆ. ಇದನ್ನು ಅಲ್ಲಗಳೆಯಬೇಡಿ. ಪಂದ್ಯದ ದಿನ ದಾರಿಯಲ್ಲಿ ನಿಲ್ಲುವ ಸ್ವಯಂಸೇವಕರು ಯಾರು, ಹೊರಗಿನ ತಂಡದವರ ಗಾಡಿ ಎಲ್ಲಿ ನಿಲ್ಲುತ್ತದೆ, ಗಾಜು ಒಡೆದರೆ ಹಣ ಕೊಡುವವರು ಯಾರು, ಈ ಹೆಸರುಗಳನ್ನು ಗ್ರಾಮಸೇವಕರಿಗೆ ಕೊಟ್ಟಿಡಿ.

ಕೆಲವು ಆಕ್ಷೇಪಕ್ಕೆ ಉತ್ತರ ಇರುವುದಿಲ್ಲ. ಆರಿಸಿದ ಜಾಗ ಹಳ್ಳದ ಪಾತ್ರವಾಗಿದ್ದರೆ, ಸ್ಮಶಾನದ ದಾರಿಯಾಗಿದ್ದರೆ, ಇದ್ದೊಂದೇ ಮೇವಿನ ನೆಲವಾಗಿದ್ದರೆ ಅಲ್ಲಿ ವಾದ ಮಾಡದೆ ಬೇರೆ ಜಾಗ ಹುಡುಕಬೇಕು. ಒಪ್ಪಿಗೆ ಸಿಕ್ಕ ಕಡೆ ಷರತ್ತುಗಳನ್ನೆಲ್ಲ ಠರಾವಿನ ಒಳಗೇ ಬರೆಸಿ, ನಕಲು ಪಡೆಯಿರಿ. ನಕಲು ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಅದಕ್ಕೆ 30 ದಿನದೊಳಗೆ ಉತ್ತರ ಬರಬೇಕು. ಮೈದಾನದ ಸಮಿತಿಯಲ್ಲಿ ಮೊದಲು ಬೇಡವೆಂದವರಲ್ಲಿ ಇಬ್ಬರಾದರೂ ಇರಲಿ, ದೀಪದ ಸ್ವಿಚ್ಚಿನ ಕೀಲಿ ಅವರ ಕೈಯಲ್ಲೇ ಇರಲಿ.