ಕಾನ್ವೆಂಟೋ, ಊರ ಶಾಲೆಯೋ: ಎಂ.ಇಡಿ ತರಗತಿಗೆ ಬರಬೇಕಾದ ಪ್ರಶ್ನೆ

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಂಥ ಊರಿನಲ್ಲಿ ಮಗುವನ್ನು ಒಂದನೇ ತರಗತಿಗೆ ಸೇರಿಸುವ ಹೊತ್ತಿಗೆ ಮನೆಯಲ್ಲಿ ಒಂದು ಚರ್ಚೆ ಎದ್ದೇ ಏಳುತ್ತದೆ. ಊರಿನ ಸರ್ಕಾರಿ ಶಾಲೆಯೋ, ವ್ಯಾನು ಹತ್ತಿಸಿ ಕಳಿಸುವ ಇಂಗ್ಲಿಷ್ ಕಾನ್ವೆಂಟೋ? ಕಬ್ಬಿನ ಬಿಲ್ಲು ಕೈಗೆ ಬಂತೇ ಇಲ್ಲವೇ ಎಂಬುದು ಎಷ್ಟೋ ಮನೆಗಳಲ್ಲಿ ಇದನ್ನು ತೀರ್ಮಾನಿಸುತ್ತದೆ. ಆದರೂ ಹಣದ ಲೆಕ್ಕದ ಕೆಳಗೆ ಬೇರೆ ಪ್ರಶ್ನೆಗಳಿವೆ: ಓದು ಯಾತಕ್ಕೆ? ಮಗುವಿನ ಪರವಾಗಿ ನಿರ್ಧರಿಸುವವರು ಯಾರು? ಇವು ಶಿಕ್ಷಣದ ತತ್ವಶಾಸ್ತ್ರದ ಮೂಲ ಪ್ರಶ್ನೆಗಳು. ನಮ್ಮ ಎಂ.ಇಡಿ ತರಗತಿಗಳಲ್ಲಿ ಈ ಶಾಸ್ತ್ರ ಹೆಚ್ಚಾಗಿ ಆದರ್ಶವಾದ, ನಿಸರ್ಗವಾದ, ವಾಸ್ತವವಾದಗಳ ಪಟ್ಟಿಯಾಗಿ ಉಳಿದು, ಪರೀಕ್ಷೆ ಮುಗಿದೊಡನೆ ಮರೆತುಹೋಗುತ್ತದೆ. ಪಾಠ ಪಟ್ಟಿಯಿಂದಲ್ಲ, ಪ್ರಶ್ನೆಯಿಂದ ಶುರುವಾಗಬೇಕು, ಅದೂ ಕನ್ನಡದಲ್ಲಿ ಎಂಬುದು ನನ್ನ ವಾದ.

ಶಿಕ್ಷಣ ಮಾಧ್ಯಮದ ವಿವಾದವನ್ನೇ ನೋಡಿ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ಕಲಿಸಬೇಕೆಂದು 1994ರಲ್ಲಿ ರಾಜ್ಯ ಸರ್ಕಾರ ಆದೇಶಿಸಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಆಯ್ಕೆಯ ಹಕ್ಕು ಮಗುವಿನದು, ಮಗುವಿನ ಪರವಾಗಿ ಹೆತ್ತವರದು, ಸರ್ಕಾರ ಮಾತೃಭಾಷೆಯನ್ನು ಹೇರುವಂತಿಲ್ಲ ಎಂದಿತು. ಚಿಕ್ಕ ಮಕ್ಕಳು ಮಾತೃಭಾಷೆಯಲ್ಲಿ ಚೆನ್ನಾಗಿ ಕಲಿಯುತ್ತಾರೆಂದು ತಜ್ಞರೆಲ್ಲ ಒಮ್ಮತದಿಂದ ಹೇಳಿದರೂ ಅದು ಹೇರಿಕೆಗೆ ಆಧಾರವಾಗದು ಎಂಬುದು ಪೀಠದ ನಿಲುವು. ಹಕ್ಕು ಯಾರದೆಂದು ಕೋರ್ಟು ಹೇಳಿತು. ಆ ಹಕ್ಕನ್ನು ಹೇಗೆ ಬಳಸಿದರೆ ಮಗುವಿಗೆ ಒಳಿತು ಎಂಬುದನ್ನು ಹೇಳುವುದು ಕೋರ್ಟಿನ ಕೆಲಸವಾಗಿರಲಿಲ್ಲ. ಆರು ವರ್ಷದ ಮಗುವಿನ ಸ್ವಾತಂತ್ರ್ಯವನ್ನು ಅಪ್ಪ ಚಲಾಯಿಸಿದರೆ ಅದು ಯಾರ ಸ್ವಾತಂತ್ರ್ಯ? ಊರ ಶಾಲೆಯಲ್ಲಿ ಮೇಷ್ಟರೇ ಸಾಲದಿದ್ದಾಗ ಕಾನ್ವೆಂಟು ಹಿಡಿಯುವುದನ್ನು ಆಯ್ಕೆ ಎನ್ನಲಾದೀತೇ? ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆಯೇ ಹೆಚ್ಚು ತೊಡಕಿನದು. ಇನ್ನು ಓದು ಯಾತಕ್ಕೆ ಎಂಬ ಪ್ರಶ್ನೆ. 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ ವರ್ಷವೇ, ತತ್ವಜ್ಞಾನಿ ಜಾನ್ ಡ್ಯೂಯಿ ತನ್ನ 'ಡೆಮಾಕ್ರಸಿ ಅಂಡ್ ಎಜುಕೇಷನ್' ಪ್ರಕಟಿಸಿ, ಶಿಕ್ಷಣವೆಂದರೆ ಮುಂದಿನ ಬದುಕಿಗೆ ಬರೀ ತಯಾರಿ ಎಂಬ ನಂಬಿಕೆಯನ್ನು ಪ್ರಶ್ನಿಸಿದ. 'ಇಂಗ್ಲಿಷ್ ಬಂದರೆ ಮುಂದೆ ಕೆಲಸ ಸಿಗುತ್ತದೆ' ಎನ್ನುವ ರೈತನ ಮಾತಿನ ಎದುರು ಡ್ಯೂಯಿಯನ್ನು ಇಟ್ಟು ನೋಡಿದಾಗ ಇಬ್ಬರೂ ಚೆನ್ನಾಗಿ ಅರ್ಥವಾಗುತ್ತಾರೆ. ರೈತನ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವ ಹಾಗಿಲ್ಲ. ಮಗು ಈ ಮಣ್ಣಿನ ಸಾಲದಿಂದ ಪಾರಾಗಲಿ ಎಂಬ ಆಸೆ ಅದರಲ್ಲಿದೆ.

ಮೇಷ್ಟರಿಗೆ ಬೇಕಾದದ್ದು ಪಾಠ ಮಾಡುವ ವಿಧಾನ, ಈ ಚರ್ಚೆಯಿಂದ ತರಗತಿ ನಡೆಯುತ್ತದೆಯೇ ಎಂಬ ಆಕ್ಷೇಪವಿದೆ. ವಿಧಾನ ಬೇಕು, ನಿಜ. ಆದರೆ ಕಬ್ಬು ಕಡಿಯಲು ಬಂದವರ ಮಗು ನಡುವರ್ಷದಲ್ಲಿ ಶಾಲೆಗೆ ಬಂದು ಕೂತಾಗ, ಪಾಠ ಮುಗಿಸುವುದು ಮೊದಲೋ ಆ ಮಗುವನ್ನು ಜೊತೆಗೆ ಕರೆದೊಯ್ಯುವುದು ಮೊದಲೋ ಎಂಬುದಕ್ಕೆ ಯಾವ ವಿಧಾನವೂ ಉತ್ತರ ಕೊಡದು. ಅಲ್ಲಿ ಮೇಷ್ಟರು ನ್ಯಾಯವನ್ನು ತೂಗಲೇಬೇಕು. 2015ರಲ್ಲಿ ಬಿ.ಇಡಿ, ಎಂ.ಇಡಿ ಎರಡೂ ಎರಡು ವರ್ಷದ ಓದಾದವು. ಹೀಗೆ ತೂಗುವುದನ್ನು ಕಲಿಸಲು ಸಮಯವಿಲ್ಲ ಎನ್ನುವಂತಿಲ್ಲ.

ಇಂಥ ವಿಚಾರಕ್ಕೆ ಕನ್ನಡದಲ್ಲಿ ಪದಗಳಿಲ್ಲ, ಪುಸ್ತಕಗಳಿಲ್ಲ ಎನ್ನುವವರೂ ಇದ್ದಾರೆ. ಪುಸ್ತಕಗಳು ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಆದರೆ 1930ರ ದಶಕದಲ್ಲೇ ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಟ್ಟರು. ಪದಗಳು ಮೊದಲು ಸಿದ್ಧವಾಗಲಿ ಎಂದು ಅವರು ಕಾದು ಕೂರಲಿಲ್ಲ. ಜನರೆದುರು ಮಾತಾಡುತ್ತ ಹೋದಂತೆ ಪದಗಳು ಕೂಡಿಬಂದವು. ಎಂ.ಇಡಿ ವಿದ್ಯಾರ್ಥಿ 2014ರ ತೀರ್ಪನ್ನು ಓದಿ, ಪಾಂಡವಪುರ, ನಾಗಮಂಗಲದ ಕಡೆಯ ಹೆತ್ತವರ ಜೊತೆ ಕೂತು ಮಾತಾಡಿ, ಅವರ ಕಾರಣಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ತನ್ನ ಪ್ರಬಂಧವನ್ನು ಕನ್ನಡದಲ್ಲಿ ಬರೆಯಲಿ. ಆ ಪ್ರಬಂಧವನ್ನು ಹೆತ್ತವರೂ ಓದಿ, ಒಪ್ಪದಿದ್ದರೆ ತಕರಾರು ತೆಗೆಯಬಹುದು.