ಕೊನೆಯ ಬೀಡಿ, ಮೊದಲ 20 ನಿಮಿಷ

ಕೊನೆಯ ಬೀಡಿ ಆರಿಸಿ, ಗಡಿಯಾರ ನೋಡಿ. 20 ನಿಮಿಷಕ್ಕೆ ಎದೆಬಡಿತ ಇಳಿಯತೊಡಗುತ್ತದೆ. 12 ಗಂಟೆ ಕಳೆದರೆ ರಕ್ತದಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಮಾಮೂಲಿ ಮಟ್ಟಕ್ಕೆ ಬರುತ್ತದೆ. ಒಂದು ವರ್ಷ ಮುಟ್ಟದೇ ಇದ್ದರೆ, ಸೇದುವವರಿಗಿಂತ ನಿಮ್ಮ ಹೃದ್ರೋಗದ ಅಪಾಯ ಸುಮಾರು ಅರ್ಧ.

ನೀವು ಬಿಟ್ಟ ಹೊಗೆ ಮಗುವಿನ ಎದೆಗೂ ಇಳಿಯುತ್ತದೆ. ಸೇದದೆ ಜಗಿಯುವ ಗುಟ್ಕಾ, ಹೊಗೆಸೊಪ್ಪು ಕೂಡ ಬಾಯಿ ಕ್ಯಾನ್ಸರ್ ತರುತ್ತವೆ.

ಚಟ ಕೆರಳಿದಾಗ ಐದೇ ನಿಮಿಷ ತಡೆಯಿರಿ. ನೀರು ಕುಡಿಯಿರಿ, ಏಲಕ್ಕಿ ಅಗಿಯಿರಿ, ಒಂದು ಸುತ್ತು ನಡೆದು ಬನ್ನಿ. ಮೊದಲ ಕೆಲವು ದಿನ ಸಿಡುಕು, ನಿದ್ದೆಗೇಡು ಸಹಜ. ಮನೆಯವರಿಗೆ ಮೊದಲೇ ಹೇಳಿಡಿ. ಒಬ್ಬರಿಂದಲೇ ಆಗದಿದ್ದರೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಮನೆಯಲ್ಲಿ ನಿಮ್ಮ ದಾರಿ ಕಾಯುವವರಿದ್ದಾರೆ. ಅವರಿಗಾಗಿ ಇವತ್ತೇ ಬಿಡಿ.