ಕಾರಿನ ಕೀಲಿ ಕೈಕೊಟ್ಟರೆ... ಜೇಬು ಸುಡದಂತೆ ಹೊಸದು ಮಾಡಿಸುವುದು ಹೇಗೆ?



ಹೀಗೊಂದು ಸಂಜೆ ಕಲ್ಪಿಸಿಕೊಳ್ಳಿ. ನೀವಿರುವುದು ಪುಣೆಯಲ್ಲಿ. ನಾಳೆ ಬೆಳಗಿನ ಜಾವ ನಾಲ್ಕಕ್ಕೆಲ್ಲ ಎದ್ದು ಹುಬ್ಬಳ್ಳಿಗೆ ಹೊರಡಬೇಕು. ಊರಲ್ಲಿ ಗಣೇಶ ಚೌತಿ. ಬ್ಯಾಗುಗಳು ತಯಾರು, ಮಕ್ಕಳಿಗೆ ಆಗಲೇ ನಿದ್ದೆ ಹಾರಿಹೋಗಿದೆ. ಅಷ್ಟರಲ್ಲಿ ವಾಷಿಂಗ್ ಮಷಿನ್ನಿನೊಳಗಿಂದ ಟಕ್ ಟಕ್ ಎಂಬ ಸದ್ದು. ತೆಗೆದು ನೋಡಿದರೆ ಪ್ಯಾಂಟಿನ ಜೇಬಿನಲ್ಲಿ ಕಾರಿನ ಕೀಲಿ! ಗುಂಡಿ ಒತ್ತಿದರೆ ಕಾರು ಕಣ್ಣು ಮಿಟುಕಿಸುವುದಿಲ್ಲ. ಇನ್ನೊಂದು ಕೀಲಿ ಎಲ್ಲಿ? ಅದು ಹುಬ್ಬಳ್ಳಿಯಲ್ಲಿ, ಅಮ್ಮನ ಬೀರುವಿನಲ್ಲಿ, ಭದ್ರವಾಗಿ!

ಗಾಬರಿಯಾಗಿ ಫೋನ್ ಮಾಡಿದರೆ ಆ ಕಡೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಇಡೀ ಕೀಲಿ ಬದಲಿಸಬೇಕು ಸಾರ್." ಅದರ ಹಿಂದೆಯೇ ಎದೆ ಝಲ್ಲೆನಿಸುವ ಒಂದು ಮೊತ್ತ. ನಿಜಕ್ಕೂ ಇಡೀ ಕೀಲಿ ಬದಲಿಸಬೇಕೇ? ಬಹಳ ಸಲ ಬೇಕಿಲ್ಲ. ಕೆಟ್ಟಿರುವುದು ಯಾವ ಭಾಗ ಎಂದು ಗೊತ್ತಾದರೆ ಅಷ್ಟಕ್ಕೆ ಮಾತ್ರ ಹಣ ಕೊಟ್ಟರೆ ಸಾಕು. ಅದು ಹೇಗೆ ಅಂತೀರಾ? ಬನ್ನಿ, ನೋಡೋಣ.

ಒಂದು ಕೀಲಿ, ಮೂರು ಕೆಲಸ

ನಿಮ್ಮ ಕೈಯಲ್ಲಿರುವುದು ಒಂದೇ ಕೀಲಿಯಂತೆ ಕಂಡರೂ ಅದರೊಳಗೆ ಮೂರು ವಸ್ತುಗಳಿವೆ.

ಮೊದಲನೆಯದು ಲೋಹದ ಅಲಗು. ಬಾಗಿಲಿನ ಬೀಗ ತೆಗೆಯುವುದು, ಸ್ಟೀರಿಂಗ್ ಪಕ್ಕದಲ್ಲಿ ತಿರುಗುವುದು ಇದರ ಕೆಲಸ. ನಮ್ಮ ಅಜ್ಜನ ಕಾಲದ ಕೀಲಿಯೂ ಇದೇ.

ಎರಡನೆಯದು ರಿಮೋಟ್. ಗುಂಡಿ ಒತ್ತಿದಾಗ ಕಾರಿಗೆ ರೇಡಿಯೋ ಸಂಕೇತ ಕಳಿಸುವ ಪುಟ್ಟ ಸರ್ಕಿಟ್. ನಮ್ಮ ದೇಶದ ಹೆಚ್ಚಿನ ಕಾರುಗಳಲ್ಲಿ ಇದು 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಅಂದರೆ ನಿಮ್ಮ ಕೀಲಿಯೂ ಒಂದು ಪುಟಾಣಿ ರೇಡಿಯೋ ಸ್ಟೇಷನ್ನೇ! ಇದಕ್ಕೆ ಬ್ಯಾಟರಿ ಬೇಕು.

ಮೂರನೆಯದು ಕಣ್ಣಿಗೆ ಬೀಳದ ಚಿಪ್. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಇದಕ್ಕೆ ಬ್ಯಾಟರಿಯೇ ಬೇಡ. ಕೀಲಿ ತೂರಿಸುವ ಜಾಗದ ಸುತ್ತ ತಂತಿಯ ಸುರುಳಿಯೊಂದಿರುತ್ತದೆ. ಅದು ಚಿಪ್ಪಿಗೆ ಗಾಳಿಯಲ್ಲೇ ಶಕ್ತಿ ಕೊಟ್ಟು "ಯಾರು ನೀನು?" ಎಂದು ಕೇಳುತ್ತದೆ. ಚಿಪ್ ಸರಿಯಾದ ಉತ್ತರ ಕೊಟ್ಟರೆ ಎಂಜಿನ್ ಓಡುತ್ತದೆ, ಇಲ್ಲವಾದರೆ ಇಲ್ಲ. ಇದಕ್ಕೆ ಇಮೊಬಿಲೈಸರ್ ಎಂದು ಹೆಸರು. ಕಾರುಕಳ್ಳರ ಕಾಟ ತಡೆಯಲು ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದರು. ನಮ್ಮಲ್ಲೂ ಈಗ ಸಾಮಾನ್ಯ ಕಾರುಗಳಲ್ಲೂ ಇದು ಇದ್ದೇ ಇರುತ್ತದೆ.

ಈ ಮೂರೂ ಒಟ್ಟಿಗೇ ಕೆಡುವುದು ಅಪರೂಪ. ನೆನಪಿಡಬೇಕಾದ ಮೊದಲ ಮಾತು ಇದೇ.

ಯಾವ ಭಾಗ ಕೆಟ್ಟಿದೆ?

ರಿಮೋಟ್ ಕೆಲಸ ಮಾಡುತ್ತಿಲ್ಲ, ಆದರೆ ಅಲಗಿನಿಂದ ಬಾಗಿಲು ತೆಗೆದು ತಿರುಗಿಸಿದರೆ ಕಾರು ಸ್ಟಾರ್ಟ್ ಆಗುತ್ತದೆ ಎಂದಾದರೆ, ಚಿಪ್ ಚೆನ್ನಾಗಿದೆ. ದೊಡ್ಡ ಖರ್ಚು ತಪ್ಪಿತು ಎಂದೇ ತಿಳಿಯಿರಿ. (ಅಲಗಿನಿಂದ ಬಾಗಿಲು ತೆಗೆದಾಗ ಕೆಲವು ಕಾರುಗಳು ಕಳ್ಳ ಬಂದನೆಂದು ಕಿರುಚಿಕೊಳ್ಳುತ್ತವೆ. ಹೆದರಬೇಡಿ. ಕೀಲಿ ತೂರಿಸಿ ತಿರುಗಿಸಿದರೆ ಸಾಮಾನ್ಯವಾಗಿ ಸುಮ್ಮನಾಗುತ್ತವೆ.)

ಮೊದಲು ಬ್ಯಾಟರಿ ಬದಲಿಸಿ ನೋಡಿ. ಹಲವು ಕೀಲಿಗಳಲ್ಲಿರುವುದು ಸಿಆರ್2032 ಎಂಬ ಬಿಲ್ಲೆ. ಈ ಅಂಕಿಗೂ ಅರ್ಥವಿದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025 ಅಷ್ಟೇ ಅಗಲ, ಆದರೆ ದಪ್ಪ 2.5 ಮಾತ್ರ. ಹಳೆಯ ಬಿಲ್ಲೆಯ ಮೇಲೆ ಬರೆದಿರುವುದನ್ನೇ ಓದಿ ತನ್ನಿ. ನೂರು ರೂಪಾಯಿಯೊಳಗೆ ಮುಗಿಯುವ ಕೆಲಸ.

ಬ್ಯಾಟರಿ ಹಾಕಿದರೂ ಆಗಲಿಲ್ಲವೇ? ರಿಮೋಟ್ ಪ್ರತಿ ಸಲವೂ ಹೊಸ ಸಂಕೇತ ಕಳಿಸುತ್ತದೆ. ಕಾರು ಅದರ ಲೆಕ್ಕ ಇಟ್ಟಿರುತ್ತದೆ. ಮನೆಯಲ್ಲಿ ಮಗು ಕೀಲಿಯನ್ನು ಆಟಿಕೆ ಮಾಡಿಕೊಂಡು ನೂರಾರು ಸಲ ಒತ್ತಿದರೆ ಇಬ್ಬರ ಲೆಕ್ಕವೂ ತಪ್ಪುತ್ತದೆ. ಮತ್ತೆ ಹೊಂದಿಸುವ ಕ್ರಮವನ್ನು ಹಲವು ಕಾರುಗಳ ಕೈಪಿಡಿಯಲ್ಲೇ ಕೊಟ್ಟಿರುತ್ತಾರೆ. ಖರ್ಚು ಸೊನ್ನೆ!

ಅದೂ ಅಲ್ಲವಾದರೆ ಗುಂಡಿಯ ಕೆಳಗಿನ ಪುಟ್ಟ ಸ್ವಿಚ್ ಸವೆದಿರಬಹುದು, ಬೆಸುಗೆ ಬಿಟ್ಟಿರಬಹುದು. ಮೊಬೈಲ್ ರಿಪೇರಿ ಮಾಡುವ ಕುಶಲ ಕೈಗೆ ಇದು ಹತ್ತು ನಿಮಿಷದ ಕೆಲಸ. ಮುಂಬೈಯ ಲ್ಯಾಮಿಂಗ್ಟನ್ ರೋಡ್, ಪುಣೆಯ ತಪ್ಕೀರ್ ಗಲ್ಲಿ, ಚೆನ್ನೈಯ ರಿಚಿ ಸ್ಟ್ರೀಟ್, ಹೈದರಾಬಾದಿನ ಕೋಠಿ, ದೆಹಲಿಯ ನೆಹರೂ ಪ್ಲೇಸ್, ಹೀಗೆ ನೀವಿರುವ ಊರಿನ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಇಂಥವರನ್ನು ವಿಚಾರಿಸಿ.

ಹೊರಕವಚ ಒಡೆದಿದೆ, ಗುಂಡಿಯ ರಬ್ಬರ್ ಹರಿದಿದೆ ಎಂದಾದರೆ ಬರೀ ಕವಚ ಸಿಗುತ್ತದೆ. ಕೆಲವು ನೂರು ರೂಪಾಯಿ. ಹಳೆಯ ಸರ್ಕಿಟ್ಟನ್ನೂ ಅಲಗನ್ನೂ ಹೊಸ ಕವಚಕ್ಕೆ ವರ್ಗಾಯಿಸಬೇಕು, ಅಷ್ಟೇ. ಆದರೆ ಹುಷಾರು! ಕೆಲವು ಕೀಲಿಗಳಲ್ಲಿ ಚಿಪ್ ಸರ್ಕಿಟ್ಟಿನ ಮೇಲಿರದೆ ಕವಚದ ಮೂಲೆಯಲ್ಲಿ ಅಂಟಿಕೊಂಡಿರುತ್ತದೆ. ಅದನ್ನು ಗಮನಿಸದೆ ಹಳೆಯ ಕವಚವನ್ನು ಕಸದ ಬುಟ್ಟಿಗೆ ಎಸೆದರೆ ಎಂಜಿನ್ನಿನ ಗುರುತುಚೀಟಿಯೂ ಅದರ ಜೊತೆಗೇ ಹೋಯಿತು. ಹೊಸ ಕವಚದಿಂದ ಕಾರು ಸ್ಟಾರ್ಟ್ ಆಗುವವರೆಗೂ ಹಳೆಯದನ್ನು ಬಿಸಾಡಬೇಡಿ.

ನೀರಿಗೆ ಬಿದ್ದ ಕೀಲಿ, ಅದರಲ್ಲೂ ಮುಂಬೈ ಮಳೆಯಲ್ಲಿ ತೊಯ್ದದ್ದು, ಎಲ್ಲ ಕಡೆಯೂ ಮಾಮೂಲು. ಕೂಡಲೇ ಬ್ಯಾಟರಿ ತೆಗೆಯಿರಿ. ಗುಂಡಿ ಒತ್ತಿ ಪರೀಕ್ಷೆ ಮಾಡುತ್ತ ಕೂರಬೇಡಿ. ಬಿಚ್ಚಿ, ಒರೆಸಿ, ಗಾಳಿಯಾಡುವ ಕಡೆ ಪೂರ್ತಿ ಒಣಗಲು ಬಿಡಿ. ಬಿಸಿ ಗಾಳಿಯ ಡ್ರೈಯರ್ ಬೇಡ. ಹಸಿರು ತುಕ್ಕು ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಮೆಲ್ಲಗೆ ಉಜ್ಜಿ ತೆಗೆಯಬಹುದು.

ಅಂದಹಾಗೆ, ಪುಣೆಯ ಆ ಕೀಲಿಯ ಕಥೆ? ತಿರುಗಿಸುವ ಕೀಲಿಯಾದರೆ ಚಿಪ್ ಪೂರ್ತಿ ಮುಚ್ಚಿದ್ದಾದ್ದರಿಂದ ಒಂದು ಒಗೆತವನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಅಲಗಿನಿಂದ ಬಾಗಿಲು ತೆಗೆದು ಹುಬ್ಬಳ್ಳಿಗೆ ಹೊರಡಬಹುದು. ರಿಮೋಟ್ ವಿಚಾರ ಹಬ್ಬ ಮುಗಿಸಿ ಬಂದ ಮೇಲೆ!

ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ?

ಇಂಥ ಕೀಲಿಯ ಬ್ಯಾಟರಿ ಸತ್ತರೆ ಕಾರಿಗೆ ಕೀಲಿ ಹತ್ತಿರವಿದೆ ಎಂದೇ ಗೊತ್ತಾಗುವುದಿಲ್ಲ. ಆದರೂ ದಾರಿಯುಂಟು. ಕೀಲಿಯ ಪಕ್ಕದ ಸಣ್ಣ ಚಿಲಕ ಸರಿಸಿದರೆ ಒಳಗಿಂದ ಒಂದು ಲೋಹದ ಅಲಗು ಹೊರಬರುತ್ತದೆ. ಅದರಿಂದ ಚಾಲಕನ ಬಾಗಿಲು ತೆಗೆಯಿರಿ. ಬಳಿಕ ಕೀಲಿಯನ್ನು ಸ್ಟಾರ್ಟ್ ಗುಂಡಿಗೇ ತಾಗಿಸಿ ಒತ್ತಿ. ಕೆಲವು ಕಾರುಗಳಲ್ಲಿ ಇದಕ್ಕೆಂದೇ ಬೇರೆ ಜಾಗವಿರುತ್ತದೆ, ಕೈಪಿಡಿಯಲ್ಲಿ ನೋಡಿ. ಒಳಗಿನ ಚಿಪ್ಪಿಗೆ ಬ್ಯಾಟರಿ ಬೇಡವಲ್ಲ! ಈ ಒಂದು ಉಪಾಯ ಗೊತ್ತಿಲ್ಲದೆ ಟೋಯಿಂಗ್ ಗಾಡಿ ಕರೆಸಿದವರು ಎಷ್ಟೋ ಮಂದಿ.

ಕೀಲಿ ಕಳೆದೇಹೋದರೆ?

ಈಗ ಮುಖ್ಯ ಮಾತಿಗೆ ಬಂದೆವು. ಹೊಸ ಕೀಲಿಗೆ ಎಷ್ಟಾಗುತ್ತದೆ ಎಂಬುದನ್ನು ನಿರ್ಧರಿಸುವುದು ಕಾರಿನ ಬೆಲೆಯೊಂದೇ ಅಲ್ಲ, ನಿಮ್ಮ ಬಳಿ ಇನ್ನೂ ಎಷ್ಟು ಕೀಲಿ ಉಳಿದಿವೆ ಎಂಬುದು!

ಒಂದು ಕೀಲಿ ಉಳಿದಿದ್ದರೆ ಕೆಲಸ ಸುಲಭ. ಅದನ್ನು ನೋಡಿ ಹೊಸ ಅಲಗು ಕತ್ತರಿಸಿ, ಹೊಸ ಚಿಪ್ಪನ್ನು ಕಾರಿಗೆ ಪರಿಚಯ ಮಾಡಿಸಿದರೆ ಮುಗಿಯಿತು. ಸಾಮಾನ್ಯ ಕೀಲಿಗೆ ಕೆಲವು ಸಾವಿರ ರೂಪಾಯಿ. ಗುಂಡಿಯ ಸ್ಟಾರ್ಟ್ ಇರುವ ಕಾರಿಗೆ ಹತ್ತು ಸಾವಿರ ದಾಟುವುದೂ ಉಂಟು. ಎರಡೂ ಕಳೆದರೆ ಕಾರನ್ನು ಎಳೆಸಿಕೊಂಡು ಹೋಗುವ ಖರ್ಚು, ಚಾಸಿಸ್ ಸಂಖ್ಯೆ ಕೊಟ್ಟು ಕಂಪನಿಯಿಂದ ಕೀಲಿ ತರಿಸುವ ದಿನಗಳು, ಕೆಲವು ಮಾದರಿಗಳಲ್ಲಿ ಬೀಗಗಳ ಇಡೀ ಸೆಟ್ಟು, ಕಂಪ್ಯೂಟರ್ ಭಾಗವನ್ನೇ ಬದಲಿಸುವ ಮಾತು... ಬಿಲ್ಲು ಹನುಮಂತನ ಬಾಲದಂತೆ ಬೆಳೆಯುತ್ತದೆ.

ಆದ್ದರಿಂದ ಒಂದು ಕೀಲಿ ಕಳೆದ ದಿನವೇ ಎರಡನೆಯದನ್ನು ಮಾಡಿಸಿ. "ಇನ್ನೊಂದು ಇದೆಯಲ್ಲ" ಎಂದು ಸುಮ್ಮನಿರುವುದೇ ದುಬಾರಿ.

ಡೀಲರ್ ಬಿಟ್ಟರೆ ನಗರಗಳಲ್ಲಿ ಚಿಪ್ ಕೀಲಿ ಮಾಡುವ ಸ್ವತಂತ್ರ ಕುಶಲಕರ್ಮಿಗಳಿದ್ದಾರೆ. ಸ್ಟೀರಿಂಗ್ ಕೆಳಗಿನ ಓಬಿಡಿ ಕಿಂಡಿಗೆ ಯಂತ್ರ ಜೋಡಿಸಿ ಕೆಲಸ ಮುಗಿಸುತ್ತಾರೆ, ಹಲವರು ಮನೆಬಾಗಿಲಿಗೇ ಬರುತ್ತಾರೆ. ಸಾಮಾನ್ಯವಾಗಿ ಡೀಲರಿಗಿಂತ ಅಗ್ಗ. ಹಣ ಕೊಡುವ ಮೊದಲು ಇಷ್ಟು ಕೇಳಿ:

ಒಂದು, ನಕಲು ಮಾಡುತ್ತೀರೋ, ಹೊಸದಾಗಿ ನೋಂದಾಯಿಸುತ್ತೀರೋ? ನಕಲಾದರೆ ಹಳೆಯ ಚಿಪ್ಪಿನ ಗುರುತನ್ನೇ ಹೊಸದಕ್ಕೆ ಬರೆಯುತ್ತಾರೆ. ಅಗ್ಗ, ಬೇಗ. ಆದರೆ ಕಾರಿಗೆ ಎರಡೂ ಒಂದೇ ಕೀಲಿಯಾಗಿ ಕಾಣುತ್ತವೆ. ಮುಂದೆ ಒಂದು ಕಳೆದರೆ ಅದನ್ನು ಮಾತ್ರ ರದ್ದು ಮಾಡಲಾಗದು. ನೋಂದಾಯಿಸಿದರೆ ಪ್ರತಿ ಕೀಲಿಗೂ ಬೇರೆ ಗುರುತು.

ಎರಡು, ಕಳೆದ ಕೀಲಿಯನ್ನು ಕಾರಿನ ನೆನಪಿನಿಂದ ಅಳಿಸುತ್ತೀರಾ? ಅಳಿಸಿದರೆ ಸಿಕ್ಕವನು ಆ ಕೀಲಿಯಿಂದ ಎಂಜಿನ್ ಸ್ಟಾರ್ಟ್ ಮಾಡಲಾರ. ಅಲಗಿನಿಂದ ಬಾಗಿಲು ಮಾತ್ರ ತೆರೆಯಬಲ್ಲ. ಈ ಕೆಲಸಕ್ಕೆ ಉಳಿದ ಎಲ್ಲ ಕೀಲಿಗಳನ್ನೂ ಜೊತೆಗೆ ಒಯ್ಯಬೇಕಾಗುತ್ತದೆ.

ಮೂರು, ವೈರ್ ಕತ್ತರಿಸುತ್ತೀರಾ? ಹೌದೆಂದರೆ ಬೇಡ ಎನ್ನಿ.

ನಾಲ್ಕು, ಎಲ್ಲ ಸೇರಿ ಎಷ್ಟು? ಕೀಲಿ, ಕತ್ತರಿಸುವುದು, ಪ್ರೋಗ್ರಾಮಿಂಗ್, ಮನೆಗೆ ಬರುವ ಚಾರ್ಜು ಬೇರೆಬೇರೆ ಹೇಳಿಸಿ. ಕಾರು ಸ್ಟಾರ್ಟ್ ಆಗಿ, ರಿಮೋಟೂ ಕೆಲಸ ಮಾಡಿದ ಮೇಲೆಯೇ ಪೂರ್ತಿ ಹಣ ಕೊಡಿ.

ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಸ್ಮಾರ್ಟ್ ಕೀಲಿ ಕೊಳ್ಳಬೇಡಿ. ಹಲವು ಮಾದರಿಗಳಲ್ಲಿ ಒಂದು ಕಾರಿಗೆ ಒಲಿದ ಕೀಲಿ ಇನ್ನೊಂದಕ್ಕೆ ಒಲಿಯುವುದಿಲ್ಲ. ಇನ್ನೂ ಒಂದು ಮಾತು. ನಿಮ್ಮ ಆರ್‌ಸಿ, ಗುರುತಿನ ಚೀಟಿ ಕೇಳದೆ ಕೀಲಿ ಮಾಡಿಕೊಡುವವನ ಹತ್ತಿರ ಮಾಡಿಸಬೇಡಿ. ಇಂದು ನಿಮಗೆ ಕೇಳದೆ ಮಾಡಿಕೊಟ್ಟವನು ನಾಳೆ ನಿಮ್ಮ ಕಾರಿಗೆ ಇನ್ಯಾರಿಗೋ ಮಾಡಿಕೊಟ್ಟಾನು!

ಪೊಲೀಸ್ ದೂರು, ವಿಮೆ

ಇದನ್ನು ಬಹಳ ಮಂದಿ ಮರೆಯುತ್ತಾರೆ. ಕಾರು ಕಳವಾಗಿ ಪರಿಹಾರ ಕೇಳಲು ಹೋದಾಗ ವಿಮಾ ಕಂಪನಿಗಳು ಸಾಮಾನ್ಯವಾಗಿ ಕಾರಿನ ಜೊತೆ ಬಂದ ಎರಡೂ ಕೀಲಿಗಳನ್ನು ಕೇಳುತ್ತವೆ. ಒಂದೇ ಇದ್ದರೆ "ಇನ್ನೊಂದು ಎಲ್ಲಿ? ಕಾರಿನಲ್ಲೇ ಬಿಟ್ಟಿದ್ದಿರಾ?" ಎಂಬ ಪ್ರಶ್ನೆ ಏಳುತ್ತದೆ. ಕೆಲವು ಸಾವಿರದ ಕೀಲಿಗಾಗಿ ಲಕ್ಷಗಳ ಪರಿಹಾರಕ್ಕೆ ತೊಡಕು!

ಹಾಗಾಗಿ ಕೀಲಿ ಕಳೆದ ಕೂಡಲೇ ಪೊಲೀಸರಲ್ಲಿ ದಾಖಲಿಸಿ. ದೆಹಲಿ, ಮುಂಬೈಯಂಥ ನಗರಗಳಲ್ಲಿ ಕಳೆದ ವಸ್ತುಗಳ ವರದಿಯನ್ನು ಆನ್‌ಲೈನಿನಲ್ಲೇ ಕೊಡಬಹುದು. ಕದ್ದಿದ್ದಾರೆ ಎಂಬ ಅನುಮಾನವಿದ್ದರೆ ಠಾಣೆಗೇ ಹೋಗಿ ದೂರು ಕೊಡಿ. ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿ. ಮಾಡಿಸಿದ ಹೊಸ ಕೀಲಿಯ ಬಿಲ್ಲನ್ನೂ ಅದರ ಜೊತೆಗಿಡಿ. ಪಾಲಿಸಿಯಲ್ಲಿ ಕೀಲಿ ಬದಲಾವಣೆಯ ಹೆಚ್ಚುವರಿ ರಕ್ಷಣೆ ಇದೆಯೇ ಎಂದು ನೋಡಿ. ಇದ್ದರೆ ಖರ್ಚು ವಾಪಸ್ ಬರಬಹುದು. ಮಾಮೂಲು ಪಾಲಿಸಿಯಲ್ಲಿ ಇದು ಸೇರಿರುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ತೊಡಕು. ಕಾರು ಕೆಎ ನಂಬರಿನದು, ಆರ್‌ಸಿ ಊರಲ್ಲಿರುವ ಅಪ್ಪನ ಹೆಸರಿನಲ್ಲಿ, ಓಡಿಸುವವರು ನೀವು. ಡೀಲರ್ ಮಾಲೀಕರ ಗುರುತು ಕೇಳಿದರೆ ಓಡಾಟ ಶುರು. ಅಪ್ಪನಿಂದ ಸಹಿ ಮಾಡಿದ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿಯ ಪ್ರತಿ ಮೊದಲೇ ತರಿಸಿಟ್ಟುಕೊಂಡರೆ ಅನುಕೂಲ.

ಇಂದೇ ಮಾಡಬೇಕಾದ್ದು

ಬಾಯಾರಿದಾಗ ಬಾವಿ ತೋಡಬಾರದು ಎನ್ನುತ್ತಾರಲ್ಲ, ಅದು ಕೀಲಿಗೂ ಸಲ್ಲುತ್ತದೆ. ಇಂದು ರಾತ್ರಿ ಮಲಗುವ ಮುನ್ನ ನಿಮ್ಮ ಎರಡನೇ ಕೀಲಿ ಎಲ್ಲಿದೆ ಎಂದು ನೋಡಿ. ಊರಲ್ಲಿದ್ದರೆ ಮುಂದಿನ ಸಲ ಊರಿಂದ ಬರುವವರ ಕೈಯಲ್ಲಿ ತರಿಸಿ. ಹಪ್ಪಳ, ಸಂಡಿಗೆ, ಚಟ್ನಿಪುಡಿಯ ಗಂಟಿನಲ್ಲಿ ಅದಕ್ಕೂ ಸ್ವಲ್ಪ ಜಾಗವಿರಲಿ! ತರಿಸಿದ ಮೇಲೆ ಒಮ್ಮೆ ಅದರಿಂದ ಕಾರು ಸ್ಟಾರ್ಟ್ ಮಾಡಿ ನೋಡಿ. ಹೊಸ ಕಾರಿನ ಕೀಲಿಗೊಂಚಲಿನಲ್ಲಿ ಅಂಕಿ ಕೆತ್ತಿದ ಪುಟ್ಟ ಬಿಲ್ಲೆಯಿದ್ದರೆ ಎಸೆಯಬೇಡಿ. ಅದು ಕೀಲಿಯ ಸಂಖ್ಯೆ. ಎರಡೂ ಕೀಲಿ ಕಳೆದ ದಿನ ಹೊಸ ಅಲಗು ಕತ್ತರಿಸಲು ಅದು ನೆರವಾಗುತ್ತದೆ. ಅದನ್ನು ಕಾರಿನಲ್ಲಿಡದೆ ಮನೆಯ ಕಾಗದಪತ್ರಗಳ ಜೊತೆಗಿಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಎರಡು ಕೀಲಿ ಕೈಗೆ ಬಂದ ಮೇಲೆಯೇ ವ್ಯವಹಾರ ಮುಗಿಸಿ. ಒಂದೇ ಕೊಟ್ಟರೆ ಇನ್ನೊಂದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ, ಕಾಣದ ಕೀಲಿಯನ್ನು ಕಾರಿನ ನೆನಪಿನಿಂದ ಅಳಿಸಿ.

ಇಷ್ಟು ಮಾಡಿದರೆ ಮುಂದಿನ ಹಬ್ಬಕ್ಕೆ ಬೆಳಗಿನ ಜಾವ ನಾಲ್ಕಕ್ಕೆ ನೀವು ಹೊರಡುವುದು ಗ್ಯಾರಂಟಿ. ಕಾರಿನಲ್ಲಿ ಕೂತು ರೇಡಿಯೋ ಹಚ್ಚುವುದನ್ನು ಮರೆಯಬೇಡಿ. ದಾರಿಯುದ್ದಕ್ಕೂ ಕನ್ನಡದ ಮಾತು, ಹಾಡು ನಿಮ್ಮ ಜೊತೆಗಿರಲಿ. ಮತ್ತೆ ಸಿಗೋಣ!